ನೇರಳಗುಂಟೆಯಲ್ಲಿ ಎಲ್ಲರೂ ಕ್ಷೇಮ

ಬೆಳಿಗ್ಗೆ ಎಂಟಾಯಿತೆಂದರೆ ನೇರಳಗುಂಟೆಯ ಹಾಲಿನ ಡೈರಿಯ ಮೈಕು ಒಂದು ಸಲ ಕೆಮ್ಮುತ್ತದೆ. ಆಮೇಲೆ ಅಶ್ವತ್ಥಪ್ಪನ ದನಿ ಬರುತ್ತದೆ: ‘ಎಲ್ಲರೂ ಕ್ಷೇಮ.’ ಅಷ್ಟೇ, ಎರಡೇ ಮಾತು. ಸಂಜೆ ಎಂಟಕ್ಕೆ ಇನ್ನೊಂದು ಸಲ. ಈ ಎರಡು ಮಾತನ್ನು ನಂಬಿಕೊಂಡು ಅರವತ್ತು ಮನೆಯ ಊರು ಎರಡು ವರ್ಷದಿಂದ ನಿಶ್ಚಿಂತೆಯಾಗಿ ಉಂಡು ಮಲಗುತ್ತಿತ್ತು. ಆ ಗುರುವಾರವೂ ಮೈಕು ಕೆಮ್ಮಿತು, ದನಿ ಬಂತು, ಜನ ತಮ್ಮ ತಮ್ಮ ಕೆಲಸಕ್ಕೆ ಹೊರಟರು. ಡೈರಿಯ ಕಟ್ಟೆಯ ಮೇಲೆ ಖಾಲಿ ಕ್ಯಾನು ಹಿಡಿದು ನಿಂತಿದ್ದ ಚಿಕ್ಕವೆಂಕಟಮ್ಮ ಮಾತ್ರ ರೈಲ್ವೆ ಸ್ಟೇಷನ್ನಿನ ದಾರಿ ನೋಡುತ್ತಾ ಅಲ್ಲೇ ಉಳಿದಳು. ಅವಳ ಮೊಮ್ಮಗಳು ಲಿಖಿತ ಇನ್ನೂ ಮನೆಗೆ ಬಂದಿರಲಿಲ್ಲ. ಅದು ಇಡೀ ಊರಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಊರಿಗೆ ಗೊತ್ತಾಗದೆ ಹೇಗೆ ಉಳಿಯಿತು ಎನ್ನುವುದಕ್ಕೆ ಮೊದಲು ಆ ಹಲಗೆಯ ವಿಷಯ ಹೇಳಬೇಕು.

ಅಶ್ವತ್ಥಪ್ಪ ಚಿನ್ನದ ಗಣಿ ಮುಚ್ಚುವವರೆಗೂ ಅಲ್ಲಿ ಬಿಲ್ಲೆ ಕೊಡುವ ಕೆಲಸದಲ್ಲಿದ್ದವನು. ಭೂಮಿಯೊಳಗೆ ಇಳಿಯುವ ಪ್ರತಿಯೊಬ್ಬ ಆಳೂ ಅವನ ಕಿಟಕಿಯಲ್ಲಿ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ಈಸಿಕೊಂಡು ಹೋಗಬೇಕು, ಮೇಲೆ ಬಂದ ಮೇಲೆ ತಿರುಗಿ ಕೊಡಬೇಕು, ಅದು ಮೊಳೆಗೆ ಸೇರಬೇಕು. ಶಿಫ್ಟು ಮುಗಿದ ಮೇಲೆ ಒಂದೇ ಒಂದು ಮೊಳೆ ಖಾಲಿ ಉಳಿದರೂ ಹುಡುಕಾಟ ಶುರು. ಇಳಿಯುವವನು ಕುಡುಕನೋ, ಹೆಂಡತಿ ಬಿಟ್ಟವನೋ, ಯಾವ ಜಾತಿಯವನೋ ಎಂದು ಆ ಕಿಟಕಿ ಕೇಳುತ್ತಿರಲಿಲ್ಲ. ಮೇಲೆ ಬಂದೆಯಾ ಎನ್ನುವುದೊಂದೇ ಅದರ ಪ್ರಶ್ನೆ. ಭೂಮಿಯ ಕೆಳಗೆ ಇದ್ದ ಆ ಮರ್ಯಾದೆ ಭೂಮಿಯ ಮೇಲೆ ಯಾಕಿಲ್ಲ ಎನ್ನುವುದು ಅಶ್ವತ್ಥಪ್ಪನ ತಲೆಯನ್ನು ಇಪ್ಪತ್ತು ವರ್ಷ ಕೊರೆದಿತ್ತು.

ಎರಡು ವರ್ಷದ ಹಿಂದೆ ಅವನ ಮಾತಿಗೆ ಕಾಲ ಕೂಡಿಬಂತು. ನರಸಾಪುರದ ಕಾರ್ಖಾನೆಗಳಿಗೆ ಊರಿನ ಹೆಣ್ಣುಮಕ್ಕಳು ಶಿಫ್ಟಿಗೆ ಹೋಗಲು ಶುರುಮಾಡಿದ್ದರು. ಒಂದು ದಿನ ಊರಿಗಾಂ ಸ್ಟೇಷನ್ನಿನಿಂದ ನಡೆದು ಬರುತ್ತಿದ್ದ ಹುಡುಗಿಯನ್ನು ಇಬ್ಬರು ಬೈಕಿನಲ್ಲಿ ಹಿಂಬಾಲಿಸಿದರು. ಮಾರನೆಯ ದಿನವೇ ಅರಳಿಕಟ್ಟೆಯಲ್ಲಿ ಸಭೆ. ನೆಗಡಿಯಾದರೆ ಮೂಗು ಕೊಯ್ಯುವುದೇ ನಮ್ಮವರ ಔಷಧಿ ತಾನೆ. ಹುಡುಗಿಯರನ್ನು ಕೆಲಸ ಬಿಡಿಸುವುದು ಎಂದು ಎಲ್ಲರೂ ತಲೆಯಾಡಿಸಿದರು. ಆಗ ಎದ್ದು ನಿಂತವನು ಅಶ್ವತ್ಥಪ್ಪ. ಗಣಿಯ ಕಿಟಕಿಯ ಕಥೆ ಹೇಳಿದ. ಅಂಥದೊಂದು ಊರು ತನಗೆ ಕಾಣುತ್ತಿದೆ ಎಂದ. ಅಲ್ಲಿ ಯಾವ ಹೆಣ್ಣೂ ಯಾವ ಗಂಡೂ ಎಲ್ಲಿಗೆ, ಯಾರ ಜೊತೆ, ಯಾಕೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಅರವತ್ತು ಮನೆಯೂ ಎದ್ದು ಹುಡುಕುತ್ತದೆ.

‘ಓಗೋರ್ನ ಕೇಳ್ಬ್ಯಾಡಿ, ಬರ್ದೇ ಇದ್ದೋರ್ನ ಬಿಡ್ಬ್ಯಾಡಿ,’ ಎಂದ ಅಶ್ವತ್ಥಪ್ಪ. ‘ಇಷ್ಟೇ ನಾ ಕೇಳೋದು.’

ಯಾರಿಗೂ ಎದುರಾಡಲು ಆಗಲಿಲ್ಲ. ಅವನ ಮಾತಿನಲ್ಲಿ ಅಂಥ ತೂಕವಿತ್ತು. ವಾರದೊಳಗೆ ಡೈರಿಯ ಗೋಡೆಗೆ ಹಲಗೆ ಬಂತು, ಹಲಗೆಗೆ ಸಾಲುಸಾಲು ಮೊಳೆ ಬಿತ್ತು. ಆಂಡರ್ಸನ್‌ಪೇಟೆಯಲ್ಲಿ ತಗಡು ಕತ್ತರಿಸಿ, ರಾಬರ್ಟ್‌ಸನ್‌ಪೇಟೆಯ ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತುವವನ ಕೈಲಿ ನಂಬರು ಹಾಕಿಸಿ, ಹದಿನಾರು ದಾಟಿದ ಎಲ್ಲರಿಗೂ ಒಂದೊಂದು ಬಿಲ್ಲೆ ಮಾಡಿಸಿದರು. ಊರು ಬಿಡುವಾಗ ಬಿಲ್ಲೆ ತೆಗೆದುಕೊಂಡು ಹೋಗುವುದು, ಬಂದಾಗ ನೇತುಹಾಕುವುದು. ಒಬ್ಬರ ಬಿಲ್ಲೆಗೆ ಇನ್ನೊಬ್ಬರ ಕೈ ತಾಗಬಾರದು. ಗಣಿಯಲ್ಲಿ ಹಾಗೆ ಮುಟ್ಟಿದವನ ಕೆಲಸ ಅದೇ ದಿನ ಹೋಗುತ್ತಿತ್ತಂತೆ.

ಚಿಕ್ಕವೆಂಕಟಮ್ಮ ಆಗ ಅರವತ್ತಮೂರರ ಹೆಂಗಸು. ಗಂಡ ಇದ್ದಷ್ಟು ಕಾಲ ಬಂಗಾರಪೇಟೆಯ ಸಂತೆಗೂ ಒಬ್ಬಳೇ ಹೋದವಳಲ್ಲ. ಬಾವಿಗೆ ಹೋಗಿ ಬರಲು ಎಷ್ಟು ಹೊತ್ತು ಬೇಕು ಎಂಬ ಲೆಕ್ಕ ಅವನ ಹತ್ತಿರ ಇರುತ್ತಿತ್ತು; ಸ್ವಲ್ಪ ಮೀರಿದರೆ ಯಾರ ಜೊತೆ ನಿಂತಿದ್ದೆ ಎನ್ನುತ್ತಿದ್ದ. ಹಲಗೆ ಬಂದ ಹದಿನೈದು ದಿನಕ್ಕೆ ಅವಳು ತನ್ನ ಬಿಲ್ಲೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರಿಗೂ ಹೇಳದೆ ರೈಲು ಹತ್ತಿ ಬಂಗಾರಪೇಟೆಗೆ ಹೋಗಿ, ಗಾಡಿಯ ಮುಂದೆ ನಿಂತು ಒಂದು ಪ್ಲೇಟು ಪಾನಿಪುರಿ ತಿಂದು ಬಂದಳು. ಕೇಳಿದವರು ಯಾರೂ ಇಲ್ಲ. ಬಿಲ್ಲೆ ನೇತುಹಾಕಿ ಮನೆಗೆ ಬಂದು ಕೊಟ್ಟಿಗೆಯಲ್ಲಿ ಕೂತು ಅತ್ತಳು. ಇಷ್ಟು ಸಣ್ಣದಕ್ಕೆ ಇಷ್ಟು ವರ್ಷ ಕಾಯಬೇಕಾಯಿತಲ್ಲ ಎಂದು ಅಳು ಬಂತು. ಮಗಳು ಅಂಬಿಕ ತೀರಿಹೋದ ಮೇಲೆ ತಾನೇ ಸಾಕಿದ ಈ ಲಿಖಿತನಿಗಾದರೂ ಇದು ಹುಟ್ಟಿನಿಂದಲೇ ಬಂದ ಸೊತ್ತಿನ ಹಾಗೆ ಇರಲಿ ಎಂದು ಮನೆದೇವರಿಗೆ ಕೈ ಮುಗಿದಳು.

ಮೊದಲ ವರ್ಷ ಹಲಗೆ ಹೇಳಿದ್ದನ್ನು ಮಾಡಿತು, ಸುಳ್ಳು ಯಾಕೆ ಹೇಳಬೇಕು. ಒಬ್ಬ ಮುದುಕ ಬೈಕಿನಿಂದ ಬಿದ್ದು ಹಳ್ಳದಲ್ಲಿ ಮಲಗಿದ್ದವನನ್ನು ಖಾಲಿ ಮೊಳೆಯೇ ಬದುಕಿಸಿತು. ಅಕ್ಕಪಕ್ಕದ ಊರಿನವರು ಬಂದು ನೋಡಿಕೊಂಡು ಹೋದರು. ಆದರೆ ಬಾಯಿಗೆ ಕಟ್ಟಲೆ ಹಾಕಬಹುದು, ಕಣ್ಣಿಗೆ ಹಾಕಲಾದೀತೇ? ದಿನಕ್ಕೆ ಎರಡು ಸಲ ಹಾಲು ಹಾಕಲು ಬರುವ ಜನ ದಿನಕ್ಕೆ ಎರಡು ಸಲ ಹಲಗೆ ನೋಡುತ್ತಿದ್ದರು. ಗಂಡಸರ ಮೊಳೆ ಮೂರು ದಿನ ಖಾಲಿ ಇದ್ದರೂ ಫೋನಿನಲ್ಲಿ ಕ್ಷೇಮ ಕೇಳಿ ಸುಮ್ಮನಾಗುತ್ತಿದ್ದರು. ಹುಡುಗಿಯರ ಮೊಳೆ ಹೊತ್ತು ಮೀರಿ ಹತ್ತು ನಿಮಿಷ ಖಾಲಿ ಇದ್ದರೆ ಕಟ್ಟೆಯ ಮೇಲೆ ಕೆಮ್ಮು ಶುರುವಾಗುತ್ತಿತ್ತು. ಪಂಚಾಯ್ತಿ ಮೆಂಬರ್ ಮುನಿರಾಜು ಎಂಟು ಗಂಟೆಗೆ ಸರಿಯಾಗಿ ಹಲಗೆಯ ಫೋಟೋ ಹಿಡಿದು ಊರಿನ ವಾಟ್ಸಾಪ್ ಗುಂಪಿಗೆ ಕಳಿಸತೊಡಗಿದ. ಆಮೇಲೆ ಅವನೇ ಒಂದು ಕಟ್ಟಲೆ ಸೇರಿಸಿದ: ತಿಂಗಳಲ್ಲಿ ಮೂರು ಸಲ ಬೆಳಿಗ್ಗೆ ಎಂಟಕ್ಕೆ ಮೊಳೆ ಖಾಲಿ ಬಿಟ್ಟ ಹುಡುಗಿಗೆ ನೈಟ್ ಶಿಫ್ಟು ಬಂದ್. ಅಶ್ವತ್ಥಪ್ಪ ಒಂದು ಗಳಿಗೆ ಯೋಚಿಸಿ, ಕ್ಷೇಮಕ್ಕೆ ತಾನೇ, ಇರಲಿ ಎಂದುಬಿಟ್ಟ. ಹಾಲಿಗೆ ಒಂದು ಹನಿ ಹುಳಿ ಬಿದ್ದದ್ದು ಅವತ್ತೇ.

ಲಿಖಿತನಿಗೆ ಇಪ್ಪತ್ತೆರಡು. ರಾತ್ರಿ ಶಿಫ್ಟು ಮುಗಿಸಿ, ಕಾರ್ಖಾನೆಯ ಬಸ್ಸು ಬಂಗಾರಪೇಟೆಯಲ್ಲಿ ಇಳಿಸಿದ ಮೇಲೆ ಮಾರಿಕುಪ್ಪಂ ರೈಲು ಹತ್ತಿ, ಊರಿಗಾಂನಲ್ಲಿ ಇಳಿದು ನಡೆದು ಬರುತ್ತಾಳೆ. ರೈಲು ಅವಳ ಮಾವನ ಮನೆಯದಲ್ಲವಲ್ಲ, ಅದರಿಷ್ಟಕ್ಕೆ ಬರುತ್ತದೆ. ದೀಪಾವಳಿ ಕಳೆದ ಮೇಲೆ ಒಂದೇ ತಿಂಗಳಲ್ಲಿ ಎರಡು ಸಲ ಎಂಟು ದಾಟಿತು. ಇನ್ನೊಂದು ಸಲ ದಾಟಿದರೆ ಹುಡುಗಿ ಮನೆಯಲ್ಲಿ. ಮನೆಯಲ್ಲಿ ಕೂತ ಹುಡುಗಿಗೆ ಮುಂದೇನು ಎನ್ನುವುದು ಚಿಕ್ಕವೆಂಕಟಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆರು ತಿಂಗಳಲ್ಲಿ ಮದುವೆ, ಆಮೇಲೆ ಬಾವಿಗೆ ಹೋದದ್ದಕ್ಕೂ ಲೆಕ್ಕ.

ಮುದುಕಿ ನೇರವಾಗಿ ರಾಬರ್ಟ್‌ಸನ್‌ಪೇಟೆಗೆ ಹೋದಳು. ಪಾತ್ರೆ ಅಂಗಡಿಯ ಮುಂದೆ ಹೆಸರು ಕೆತ್ತುವವನಿಗೆ ಐವತ್ತೆರಡನೇ ನಂಬರಿನ ಬಿಲ್ಲೆ ಕಳೆದುಹೋಗಿದೆ, ಇನ್ನೊಂದು ಬೇಕು ಎಂದಳು. ಅವನು ಯಾವ ಊರು ಎಂದೂ ಕೇಳಲಿಲ್ಲ. ಸ್ಟೂಲಿನ ಕೆಳಗಿನಿಂದ ಅದೇ ಅಳತೆಯ ತಗಡೊಂದನ್ನು ಎಳೆದು ಎರಡು ನಿಮಿಷದಲ್ಲಿ ಕೆತ್ತಿಕೊಟ್ಟ. ಮನೆಯಲ್ಲಿ ಅದನ್ನು ಕಂಡ ಲಿಖಿತ ಮೊದಲು ಬೆಚ್ಚಿದಳು, ಆಮೇಲೆ ಬಿದ್ದು ಬಿದ್ದು ನಕ್ಕಳು, ನಮ್ಮಜ್ಜಿಯಂಥ ಕಳ್ಳಿ ಕೋಲಾರ ಜಿಲ್ಲೆಯಲ್ಲೇ ಇಲ್ಲ ಎಂದಳು. ಅಂದಿನಿಂದ ನಿಜವಾದ ಬಿಲ್ಲೆ ಲಿಖಿತನ ಬ್ಯಾಗಿನಲ್ಲಿ. ಬೆಳಿಗ್ಗೆ ಏಳರ ಹೊತ್ತಿಗೆ ಹಾಲು ಹಾಕಲು ಬರುವ ಅಜ್ಜಿಯ ಸೆರಗಿನೊಳಗಿಂದ ಇನ್ನೊಂದು ಬಿಲ್ಲೆ ಮೊಳೆಗೆ. ಹುಡುಗಿ ರೈಲಿನಲ್ಲಿ ಇರುವಾಗಲೇ ಹಲಗೆಯ ಮೇಲೆ ಮನೆ ಸೇರಿರುತ್ತಿದ್ದಳು. ಮೂರು ವಾರ ಎಲ್ಲವೂ ಸುಸೂತ್ರವಾಗಿ ನಡೆಯಿತು.

ಆ ಗುರುವಾರ ಎಂಟೂವರೆಯಾದರೂ ಲಿಖಿತ ಬರಲಿಲ್ಲ. ಫೋನು ಸ್ವಿಚ್ ಆಫ್. ಚಿಕ್ಕವೆಂಕಟಮ್ಮ ಹಸುವಿಗೆ ಹುಲ್ಲು ಹಾಕಿದಳು, ಹಾಕಿದ್ದನ್ನು ಮರೆತು ಮತ್ತೆ ಹಾಕಿದಳು. ಮಂಜು ಇನ್ನೂ ಕರಗಿರಲಿಲ್ಲ. ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಬಿಳಿ ದೂಳು ಏಳುತ್ತಿತ್ತು, ಯಾವುದು ಮಂಜು ಯಾವುದು ದೂಳು ಎಂದು ತಿಳಿಯುತ್ತಿರಲಿಲ್ಲ. ಆ ದಿಬ್ಬದ ಪಕ್ಕದಲ್ಲೇ ಸ್ಟೇಷನ್ನಿನ ಅಡ್ಡದಾರಿ. ಹಳೆಯ ಗಣಿಬಾಯಿಯ ಸುತ್ತ ನೆಲ ಕುಸಿದು ಬೇಲಿ ಬಿದ್ದಿರುವುದೂ ಅಲ್ಲೇ. ಬೈಕಿನವರು ನಿಲ್ಲುತ್ತಿದ್ದುದೂ ಅಲ್ಲೇ. ಒಂಬತ್ತಾಯಿತು. ಒಂಬತ್ತೂವರೆಯಾಯಿತು. ಸೀರೆ ಸೆರಗು ಹೊದ್ದು ಅಡ್ಡದಾರಿಯ ಅರ್ಧದವರೆಗೆ ಒಬ್ಬಳೇ ಹೋಗಿ, ಲಿಖಿತಾ ಲಿಖಿತಾ ಎಂದು ಕೂಗಿ, ದೂಳು ಕುಡಿದು ವಾಪಸು ಬಂದಳು.

ಹೇಳಿಬಿಡಬಹುದಿತ್ತು. ಹೇಳಿದರೆ ಅರವತ್ತು ಮನೆ ಏಳುತ್ತಿತ್ತು. ಆದರೆ ಹುಡುಗಿ ಎಲ್ಲೋ ಸ್ನೇಹಿತೆಯ ಜೊತೆ ಟೀ ಕುಡಿಯುತ್ತಾ ನಿಂತಿದ್ದರೆ? ಒಂದು ಗಂಟೆಯ ದಿಗಿಲಿಗೆ ಅವಳ ಬದುಕಿಡೀ ಬಾಗಿಲು ಹಾಕಿಸಿದ ಹಾಗಾಗುತ್ತಿತ್ತು. ಹೇಳದಿದ್ದರೆ, ಹುಡುಗಿ ಆ ಗುಂಡಿಯ ಹತ್ತಿರ ಬಿದ್ದಿದ್ದರೆ, ಹುಡುಕಲು ಬರುವವರು ಒಬ್ಬರೂ ಇಲ್ಲ. ಯಾಕೆಂದರೆ ಅವಳು ಮನೆಯಲ್ಲಿ ಮಲಗಿದ್ದಾಳೆ, ಬಿಲ್ಲೆ ಹೇಳುತ್ತಿದೆ. ಅತ್ತ ದರಿ ಇತ್ತ ಪುಲಿ ಎಂದರೆ ಇದೇ. ಹತ್ತೂಮುಕ್ಕಾಲರವರೆಗೆ ಮುದುಕಿ ಈ ಎರಡರ ನಡುವೆ ಬೆಂದಳು. ಕೊನೆಗೆ, ಕೆಲಸ ಹೋದ ಮೊಮ್ಮಗಳಾದರೂ ಮೊಮ್ಮಗಳೇ ಎಂದುಕೊಂಡು ಡೈರಿಗೆ ಬಂದಳು.

ಅಶ್ವತ್ಥಪ್ಪ ಹಲಗೆಯ ಕೆಳಗೆ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದ.

‘ಅಣ್ಣ, ಲಿಖಿತ ಬಂದಿಲ್ಲ,’ ಎಂದಳು.

ಅವನು ತಿರುಗಿಯೂ ನೋಡದೆ ಬೆರಳಿನಿಂದ ಮೊಳೆ ತೋರಿಸಿದ. ‘ಐವತ್ತೆರಡು. ಆಗ್ಲೇ ಬಂದೈತಲ್ಲಮ್ಮ. ಒಳಗಡೆ ಮಲ್ಗಿರ್ತಾಳೆ, ಸರ್ಯಾಗಿ ನೋಡೋಗು.’

ತನ್ನ ಸುಳ್ಳು ತನಗೇ ಎದುರು ನಿಂತು ಬುದ್ಧಿ ಹೇಳಿದ ಹಾಗಾಯಿತು ಚಿಕ್ಕವೆಂಕಟಮ್ಮನಿಗೆ. ‘ಅದು ನಾನು ಆಕಿದ್ದು ಅಣ್ಣ,’ ಎಂದಳು. ‘ಅದು ಎರಡ್ನೇ ಬಿಲ್ಲೆ.’

ಅಶ್ವತ್ಥಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಮಡಿಚಿ ಜೇಬಿಗೆ ಇಟ್ಟುಕೊಂಡ, ಎದ್ದ, ಮೈಕು ಹಿಡಿದ. ಊರಿನಲ್ಲಿ ಇರುವವರೆಲ್ಲ ಈಗಲೇ ಬಂದು ತಮ್ಮ ತಮ್ಮ ಬಿಲ್ಲೆಯನ್ನು ತಾವೇ ಮೊಳೆಯಿಂದ ತೆಗೆದು ಕೈಯಲ್ಲಿ ಹಿಡಿದು ನಿಲ್ಲಬೇಕು ಎಂದ. ಹುಡುಕಲು ಹೊರಡುವ ಮೊದಲು ಗಣಿಯಲ್ಲಿ ಹಾಗೆಯೇ ಮಾಡುತ್ತಿದ್ದರು. ಒಬ್ಬನ ಲೆಕ್ಕ ತಪ್ಪಿದರೆ ಎಲ್ಲರ ಲೆಕ್ಕವನ್ನೂ ಕೈಯಿಂದ ಹೊಸದಾಗಿ ತೆಗೆಯುತ್ತಿದ್ದರು.

ಜನ ಬಂದರು. ಅಶ್ವತ್ಥಪ್ಪನ ಮಗ ಶ್ರೀಧರ್ ಎಲ್ಲರಿಗಿಂತ ಮೊದಲು ತನ್ನ ಟೆಂಪೋ ತಂದು ನಿಲ್ಲಿಸಿ, ಹುಡುಕಲು ಹೋಗುವವರು ಹತ್ತಿಕೊಳ್ಳಿ ಎಂದ. ಅವನು ಬಂಗಾರಪೇಟೆಯಲ್ಲಿ ಬಾಡಿಗೆ ಹೊಡೆಯುವವನು, ಊರಿನ ಯಾರ ಕೆಲಸಕ್ಕೂ ಇಲ್ಲ ಎನ್ನುವವನಲ್ಲ. ಮುನಿರಾಜು ವಿಷಯ ಕೇಳಿ ಚಿಕ್ಕವೆಂಕಟಮ್ಮನ ಮುಖ ನೋಡಿದ ರೀತಿಗೆ ಅವಳು ತಲೆ ಎತ್ತಲಿಲ್ಲ. ಒಬ್ಬೊಬ್ಬರಾಗಿ ಬಿಲ್ಲೆ ತೆಗೆಯತೊಡಗಿದರು. ಸ್ವಲ್ಪ ಹೊತ್ತಿನಲ್ಲೇ ಒಂದು ವಿಚಿತ್ರ ಕಂಡಿತು. ತೆಗೆಯುವವರಲ್ಲಿ ಕೆಲವರು ಬೆವರುತ್ತಿದ್ದರು. ಶ್ಯಾಮಲ ಎನ್ನುವ ಹೆಂಗಸು, ತನ್ನ ಬಿಲ್ಲೆಯ ಪಕ್ಕದ ಗಂಡನ ಬಿಲ್ಲೆಯನ್ನೂ ನೋಡುತ್ತಾ ನಿಂತುಬಿಟ್ಟಳು. ಗಂಡ ಮೂರು ದಿನದಿಂದ ಬೆಂಗಳೂರಿನಲ್ಲಿದ್ದ. ಅಶ್ವತ್ಥಪ್ಪ ಕೇಳಿದ್ದಕ್ಕೆ ಅವಳು ನೆಲ ನೋಡುತ್ತಾ, ಎಲ್ಲರೂ ಫೋನು ಮಾಡಿ ಅವನನ್ನು ಕಾಡುತ್ತಾರೆಂದು ಎರಡನೆಯದು ಮಾಡಿಸಿದ್ದು ಎಂದಳು. ಅಷ್ಟು ಸಾಕಾಯಿತು. ಒಡ್ಡು ಒಡೆದ ಕೆರೆಯ ಹಾಗೆ ಒಬ್ಬರ ಹಿಂದೆ ಒಬ್ಬರು ಒಪ್ಪಿಕೊಂಡರು. ತಾಯಿ ಮಗನಿಗೆ, ಅಕ್ಕ ತಮ್ಮನಿಗೆ, ಗೆಳೆಯ ಗೆಳೆಯನಿಗೆ. ಕೆತ್ತುವವನ ಸ್ಟೂಲಿನ ಕೆಳಗೆ ತಗಡು ಯಾಕೆ ಜೋಡಿಸಿಟ್ಟಿತ್ತೆಂದು ಚಿಕ್ಕವೆಂಕಟಮ್ಮನಿಗೆ ಈಗ ತಿಳಿಯಿತು. ಊರಿಗೆ ಊರೇ ಪ್ರೀತಿಯಿಂದ ಒಬ್ಬರಿಗೊಬ್ಬರು ಕಣ್ಣು ಕಟ್ಟಿಕೊಂಡಿತ್ತು. ಹನ್ನೊಂದು ಜನ ಹಲಗೆಯ ಮೇಲೆ ಮನೆಯಲ್ಲಿದ್ದರು, ನಿಜವಾಗಿ ಎಲ್ಲಿದ್ದರೋ.

ಅಶ್ವತ್ಥಪ್ಪ ಕುರ್ಚಿಯಲ್ಲಿ ಕುಸಿದು ಕೂತ. ಇಷ್ಟು ದಿನ ಮೈಕಿನಲ್ಲಿ ತಾನು ಹೇಳಿದ್ದೇನು ಎಂದು ಅವನಿಗೇ ಹೆದರಿಕೆಯಾಯಿತೇನೋ.

ಅಷ್ಟರಲ್ಲಿ ಡೈರಿಯ ತಿರುವಿನಲ್ಲಿ ಬ್ಯಾಗು ನೇತುಹಾಕಿಕೊಂಡು ಲಿಖಿತ ಬಂದಳು. ಜನರನ್ನು ಕಂಡು ನಿಂತಳು. ಕೆನ್ನೆಯ ಮೇಲೆ ಸೀಟಿನ ಗುರುತು ಇನ್ನೂ ಇತ್ತು.

‘ರೈಲ್ನಾಗೆ ನಿದ್ದೆ ಓಗ್ಬಿಟ್ಟೆ ಅಜ್ಜಿ,’ ಎಂದಳು. ‘ಮಾರಿಕುಪ್ಪಂಗೋಗಿ ತಿರ್ಗಾ ಬಂಗಾರಪೇಟೆಗೋಗ್ಬಿಟ್ಟಿದ್ದೆ.’

ಚಿಕ್ಕವೆಂಕಟಮ್ಮ ಅವಳ ಕೆನ್ನೆಗೆ ಒಂದು ಬಿಟ್ಟಳು. ಬಿಟ್ಟ ಕೈಯಲ್ಲೇ ತಬ್ಬಿಕೊಂಡಳು. ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದಳು. ಹುಡುಗಿಯ ತಲೆ, ಭುಜ, ಕೈ ಎಲ್ಲ ಸರಿಯಾಗಿವೆಯೇ ಎಂದು ಕಾಯಿ ಕೊಳ್ಳುವವಳ ಹಾಗೆ ಮುಟ್ಟಿ ಮುಟ್ಟಿ ನೋಡಿದಳು. ಆದರೆ ಆ ಸಂತೋಷಕ್ಕೆ ಎರಡು ನಿಮಿಷದ ಆಯುಸ್ಸೂ ಇರಲಿಲ್ಲ. ಮುನಿರಾಜು ಕಟ್ಟೆ ಹತ್ತಿ ನಿಂತು, ಇವತ್ತಿಗೆ ಆಟ ಮುಗಿಯಿತು, ನಾಳೆಯಿಂದ ಊರಿನ ಯಾವ ಹೆಣ್ಣುಮಗಳೂ ನೈಟ್ ಶಿಫ್ಟಿಗೆ ಹೋಗುವಂತಿಲ್ಲ ಎಂದ. ಮಗನಿಗೆ ಕಳ್ಳ ಬಿಲ್ಲೆ ಮಾಡಿಸಿದ ತಾಯಂದಿರೂ ಹೂಂ ಎಂದರು. ಲಿಖಿತನ ಕೈ ಅಜ್ಜಿಯ ಕೈಯೊಳಗೆ ಬಿಗಿಯಾಯಿತು. ಈ ಹುಡುಗಿಯ ದಾರಿಯನ್ನು ಉಳಿಸಲು ಹೋಗಿ ತಾನೇ ಮುಚ್ಚಿಬಿಟ್ಟೆನಲ್ಲ ಎಂದುಕೊಂಡಳು ಮುದುಕಿ. ಮುಖ ತಿರುಗಿಸಿದಳು, ಕಣ್ಣು ಎಲ್ಲಿಯಾದರೂ ನೆಡಬೇಕಲ್ಲ, ಹಲಗೆಯ ಮೇಲೆ ನೆಟ್ಟಿತು.

ಹಲಗೆಯ ಮೇಲೆ ಇನ್ನೂ ಒಂದು ಬಿಲ್ಲೆ ಇತ್ತು.

ಕಳ್ಳ ಬಿಲ್ಲೆಗಳನ್ನೆಲ್ಲ ತೆಗೆದು ಬುಟ್ಟಿಗೆ ಹಾಕಿಯಾಗಿತ್ತು. ಊರಿನಲ್ಲಿದ್ದವರ ಬಿಲ್ಲೆ ಅವರವರ ಕೈಯಲ್ಲಿತ್ತು, ಹೊರಗಿದ್ದವರದು ಅವರ ಜೊತೆ ಹೋಗಿತ್ತು. ಉಳಿದದ್ದು ಇದೊಂದೇ. ಮೂವತ್ತೇಳು. ಚಿಕ್ಕವೆಂಕಟಮ್ಮ ಹತ್ತಿರ ಹೋಗಿ ನೋಡಿದಳು. ಮಿಕ್ಕವರ ಬಿಲ್ಲೆ ದಿನಾ ಕೈ ತಾಗಿ ತಾಗಿ ನುಣುಪಾಗಿದ್ದವು. ಇದಕ್ಕೆ ತುಕ್ಕು ಹತ್ತಿತ್ತು. ಮೊಳೆಗೂ ಬಿಲ್ಲೆಗೂ ನಡುವೆ ಜೇಡ ಬಲೆ ಕಟ್ಟಿತ್ತು. ಇದು ಕಳ್ಳ ಬಿಲ್ಲೆಯಲ್ಲ. ನೇತುಹಾಕಿದ ದಿನದಿಂದ ಒಂದು ಸಲವೂ ಕೆಳಗೆ ಇಳಿಯದ ಬಿಲ್ಲೆ.

‘ಮೂವತ್ತೇಳು ಯಾರ್ದು?’ ಎಂದು ಕೇಳಿದಳು.

ಯಾರಿಗೂ ಥಟ್ಟನೆ ಹೊಳೆಯಲಿಲ್ಲ. ಆಮೇಲೆ ಶ್ಯಾಮಲ ಹೇಳಿದಳು: ಸುಮಲತನದು.

ಸುಮಲತ ಶ್ರೀಧರನ ಹೆಂಡತಿ, ಅಶ್ವತ್ಥಪ್ಪನ ಸೊಸೆ. ಇಷ್ಟು ಹೊತ್ತು ಕಥೆ ಹೇಳಿದ ಬಾಯಿಯೂ ಅವಳ ಹೆಸರು ಎತ್ತಲಿಲ್ಲ, ನೋಡಿ. ಎತ್ತುವ ಸಂದರ್ಭವೇ ಬರಲಿಲ್ಲ. ಅವಳ ಬಿಲ್ಲೆ ಮೊಳೆಯಲ್ಲೇ ಇತ್ತಲ್ಲ. ಒಂದೂವರೆ ವರ್ಷದ ಹಿಂದೆ ಆಂಧ್ರದ ಗಡಿಯ ಕಡೆಯಿಂದ ಮದುವೆಯಾಗಿ ಬಂದವಳು. ಶ್ರೀಧರ್ ದಿಬ್ಬದ ಕಡೆ ಹೊಸ ಮನೆ ಕಟ್ಟಿ ಬೇರೆ ಹೋದ. ಅವಳನ್ನು ಕಡೆಯ ಸಲ ನೋಡಿದ್ದು ಯಾವಾಗ ಎಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಗೌರಿ ಹಬ್ಬ ಎಂದಳು, ಇನ್ನೊಬ್ಬಳು ಅದು ಹೋದ ವರ್ಷದ ಗೌರಿ ಎಂದಳು. ತವರಿಗೆ ಹೋಗಿದ್ದಾಳೆ ಎಂದುಕೊಂಡಿದ್ದೆ ಎಂದರು ಕೆಲವರು; ಬಸುರಿ ಇರಬೇಕು ಎಂದುಕೊಂಡಿದ್ದೆ ಎಂದರು ಕೆಲವರು. ಕೇಳಿದವರು ಮಾತ್ರ ಯಾರೂ ಇಲ್ಲ. ಕೇಳದಿರುವುದೇ ತಾನೇ ಈ ಊರಿನ ದೊಡ್ಡಸ್ತಿಕೆ.

ಎಲ್ಲರೂ ಶ್ರೀಧರನ ಕಡೆ ತಿರುಗಿದರು. ಅವನು ಟೆಂಪೋಗೆ ಒರಗಿ ನಿಂತಿದ್ದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

‘ಮನೇಲವ್ಳೆ,’ ಎಂದ. ‘ಅವ್ಳು ಎಲ್ಗೂ ಓಗಲ್ಲ. ಬಿಲ್ಲೇನೇ ಏಳ್ತೈತಲ್ಲ.’

‘ಅಂಗಾದ್ರೆ ಕರಿ,’ ಎಂದಳು ಚಿಕ್ಕವೆಂಕಟಮ್ಮ. ‘ಊರೋರೆಲ್ಲ ಬಂದವ್ರೆ. ಅವ್ಳೂ ಬಂದು ತನ್ನ ಬಿಲ್ಲೆ ತಗೊಳ್ಳಿ.’

‘ಅವ್ಳಿಗೆ ಮೈ ಸರಿ ಇಲ್ಲ.’

ಚಿಕ್ಕವೆಂಕಟಮ್ಮ ಅಶ್ವತ್ಥಪ್ಪನ ಮುಂದೆ ಬಂದು ನಿಂತಳು. ಎಷ್ಟಾದರೂ ಹಿರಿಯ, ಅವನು ಒಂದು ಮಾತು ಹೇಳಿದರೆ ಮಗ ಕೇಳಿಯಾನು ಎಂಬ ಆಸೆ. ಸೊಸೆಯನ್ನು ನೋಡಿ ಎಷ್ಟು ದಿನವಾಯಿತು ಎಂದು ಕೇಳಿದಳು. ಮಗನ ಸಂಸಾರದಲ್ಲಿ ಕೈಹಾಕಬಾರದೆಂದು ಆ ಮನೆ ಕಡೆ ಹೋಗುವುದನ್ನೇ ಬಿಟ್ಟಿದ್ದನಂತೆ. ಬಿಲ್ಲೆ ದಿನಾ ನೋಡುತ್ತಿದ್ದನಂತೆ. ಊರಿನಲ್ಲೆಲ್ಲ ಹೊತ್ತು ತಪ್ಪದ ಬಿಲ್ಲೆ ತನ್ನ ಸೊಸೆಯದೊಂದೇ ಎಂದು ಒಳಗೊಳಗೇ ಹೆಮ್ಮೆಪಡುತ್ತಿದ್ದನಂತೆ. ಹೇಳುತ್ತಾ ಹೇಳುತ್ತಾ ಅವನ ದನಿ ಸಣ್ಣಗಾಯಿತು. ಅವನಿಗೆ ಗೊತ್ತಿತ್ತೋ, ಗೊತ್ತಾಗಬಾರದೆಂದೇ ಹಲಗೆಯ ಕಡೆ ನೋಡುತ್ತಾ ಕೂತಿದ್ದನೋ, ಆ ದೇವರೇ ಬಲ್ಲ.

‘ಕೇಳ್ಬ್ಯಾಡ ವೆಂಕಟಮ್ಮ,’ ಎಂದ ಕೊನೆಗೆ. ‘ಕೇಳೋ ಅಂಗಿಲ್ಲ ಅಂತ ನಾವೇ ಮಾಡ್ಕೊಂಡಿದ್ದಲ್ವಾ.’

ಚಿಕ್ಕವೆಂಕಟಮ್ಮನಿಗೆ ಅವನ ಮೇಲೆ ಮರುಕ ಬಂತು, ಅದರ ಹಿಂದೆಯೇ ಅಸಹ್ಯ ಬಂತು. ಈ ಮನುಷ್ಯ ಕೊಟ್ಟ ಬಿಲ್ಲೆಯಿಂದಲೇ ತಾನು ಅರವತ್ತಮೂರನೇ ವಯಸ್ಸಿನಲ್ಲಿ ಒಬ್ಬಳೇ ರೈಲು ಹತ್ತಿದ್ದು. ಹೋದವರು ಬಂದರೇ ಎಂದು ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದವನು, ಹೋಗಲಾಗದವರು ಯಾರಾದರೂ ಇದ್ದಾರೆಯೇ ಎಂದು ಒಂದು ದಿನ ಯೋಚಿಸಿರಲಿಲ್ಲ. ಅವನೊಬ್ಬನೇ ಏಕೆ, ತಾನಾದರೂ ಯೋಚಿಸಿದ್ದೆನೇ? ಮುದುಕಿ ಕೈ ಚಾಚಿ ಮೂವತ್ತೇಳನ್ನು ಮೊಳೆಯಿಂದ ಕಿತ್ತಳು. ಒಬ್ಬರ ಬಿಲ್ಲೆಗೆ ಇನ್ನೊಬ್ಬರ ಕೈ ತಾಗಬಾರದು ಎಂದು ಮುನಿರಾಜು ಕೂಗಿದ. ಅವಳು ಕೇಳಿಸಿಕೊಳ್ಳಲಿಲ್ಲ. ಲಿಖಿತನ ಕೈ ಹಿಡಿದು ದಿಬ್ಬದ ಕಡೆ ನಡೆದಳು.

ಜನ ಹಿಂದೆ ಬಂದರು, ಆದರೆ ಶ್ರೀಧರನ ಮನೆಯ ಬೇಲಿಯವರೆಗೆ ಮಾತ್ರ. ಬೇಲಿಯ ಒಳಗೆ ಒಬ್ಬರೂ ಕಾಲಿಡಲಿಲ್ಲ. ಮನೆಯ ಮೇಲೆಲ್ಲ ದಿಬ್ಬದ ದೂಳು ಕೂತಿತ್ತು. ಮುಂಬಾಗಿಲಿಗೆ ಹೊರಗಿನಿಂದ ಬೀಗ. ಚಿಕ್ಕವೆಂಕಟಮ್ಮ ಪಕ್ಕದ ಕಿಟಕಿಗೆ ಹೋಗಿ ಕದ ತಟ್ಟಿ ಹೆಸರು ಹಿಡಿದು ಕರೆದಳು. ಒಳಗೆ ಏನೂ ಸದ್ದಿಲ್ಲ. ಮತ್ತೆ ಕರೆದಳು. ಎಷ್ಟೋ ಹೊತ್ತಿನ ಮೇಲೆ ಕಿಟಕಿ ನಾಲ್ಕು ಬೆರಳಿನಷ್ಟು ತೆರೆಯಿತು.

ಸುಮಲತ ನಿಂತಿದ್ದಳು. ತಲೆ ಬಾಚಿಕೊಂಡಿದ್ದಳು, ಹಣೆಗೆ ಕುಂಕುಮ ಇಟ್ಟಿದ್ದಳು. ಬೆಳಕಿಗೆ ಕಣ್ಣು ಬಿಡಲಾರದೆ ಕಣ್ಣ ಮೇಲೆ ಅಂಗೈ ಅಡ್ಡ ಹಿಡಿದಿದ್ದಳು. ಮಣಿಕಟ್ಟು ಒಣಗಿದ ಕಡ್ಡಿಯ ಹಾಗಿತ್ತು. ಚಿಕ್ಕವೆಂಕಟಮ್ಮ ಕಂಬಿಯ ನಡುವಿನಿಂದ ಬಿಲ್ಲೆಯನ್ನು ಒಳಗೆ ಚಾಚಿದಳು.

ಹುಡುಗಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ‘ಇದೇನತ್ತೆ?’ ಎಂದಳು.

‘ನಿಂದು ಕಣಮ್ಮ. ಊರಿಂದಾಚೆ ಓಗ್ವಾಗ ಜತೇಲಿ ತಗೊಂಡೋಗೋದು. ನಿಂಗೆ ಕೊಟ್ಟಿಲ್ವಾ?’

ಸುಮಲತ ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಅವಳ ಕಣ್ಣು ಅಜ್ಜಿಯ ಭುಜದ ಮೇಲಿನಿಂದ ಬೇಲಿಯ ಕಡೆ ಹೋಯಿತು. ಜನ ಸರಿದು ದಾರಿ ಬಿಡುತ್ತಿದ್ದರು. ಶ್ರೀಧರ್ ಬರುತ್ತಿದ್ದ, ಅವಸರವಿಲ್ಲದೆ, ತನ್ನ ಮನೆಗೆ ತಾನು ಬರುವವನ ಹಾಗೆ. ಅವಳು ಬಿಲ್ಲೆಯನ್ನು ಗಬಕ್ಕನೆ ಕಂಬಿಯಿಂದ ಹೊರಗೆ ನೂಕಿದಳು.

‘ಎಲ್ಲಿತ್ತೋ ಅಲ್ಲೇ ಇಟ್ಬಿಡಿ ಅತ್ತೆ,’ ಎಂದಳು. ‘ಇಲ್ದೇ ಓದ್ರೆ ಅವ್ರು ನನ್ನ ಕೇಳ್ತಾರೆ.’

ಕಿಟಕಿ ಮುಚ್ಚಲು ಹೊರಟಿತು. ಚಿಕ್ಕವೆಂಕಟಮ್ಮ ಸಂದಿಗೆ ತನ್ನ ಕೈ ಕೊಟ್ಟಳು. ಕದ ಬೆರಳುಗಳ ಮೇಲೆ ಬಿತ್ತು, ನೋವಿಗೆ ಕಣ್ಣು ಕತ್ತಲೆ ಬಂತು, ಕೈ ತೆಗೆಯಲಿಲ್ಲ.

‘ಲಿಖಿತಾ,’ ಎಂದಳು, ಶ್ರೀಧರನಿಗೂ ಕೇಳುವ ಹಾಗೆ. ‘ಕೊಟ್ಟಿಗೇಲಿ ಕಬ್ಬಿಣದ ಆರೆ ಐತೆ. ಈ ಬೀಗ ಮೀಟೋಕೆ ತಗೊಂಬಾ, ಓಡು.’

ಲಿಖಿತ ಓಡಿದಳು. ಬೇಲಿಯಾಚೆ ನಿಂತಿದ್ದ ಊರಿನಲ್ಲಿ ಬೇರೆ ಯಾರೂ ಅಲುಗಲಿಲ್ಲ.